ಎಲ್‌ಟಿಟಿಇ ಬೆಳೆದದ್ದು ಹೇಗೆ, ಕುಸಿದದ್ದು ಯಾಕೆ

1975ರ ಜುಲೈ 27ರಂದು ಜಾಫ್ನಾದ ಮೇಯರ್ ಆಲ್ಫ್ರೆಡ್ ದುರೈಯಪ್ಪ ಪೊನ್ನಾಲೈಯ ವರದರಾಜ ಪೆರುಮಾಳ್ ದೇವಸ್ಥಾನಕ್ಕೆ ಬಂದಾಗ ಗುಂಡಿಗೆ ಬಲಿಯಾದರು. ಕೊಂದ ಗುಂಪಿನ ಮುಂದಾಳು ವೇಲುಪಿಳ್ಳೈ ಪ್ರಭಾಕರನ್‌ಗೆ ಆಗ 20 ವರ್ಷ. ಸತ್ತವರು ತಮಿಳರು, ಕೊಂದವರೂ ತಮಿಳರೇ. ದುರೈಯಪ್ಪ ಕೊಲಂಬೊದ ಆಡಳಿತ ಪಕ್ಷದ ಜೊತೆಗಿದ್ದರು, ಆ ಗುಂಪಿನ ಕಣ್ಣಿಗೆ ಅದೇ ದ್ರೋಹ. ಶ್ರೀಲಂಕಾದ ಯುದ್ಧವನ್ನು ನಾವು ಸಾಮಾನ್ಯವಾಗಿ ಸಿಂಹಳ ಸರ್ಕಾರಕ್ಕೂ ತಮಿಳರಿಗೂ ನಡೆದ ಕಾಳಗ ಎಂದಷ್ಟೇ ಓದಿಕೊಂಡು ಬಂದಿದ್ದೇವೆ. ಅದು ನಿಜವೇ, ಆದರೆ ಅರ್ಧ. ತಮಿಳರ ಪರವಾಗಿ ಮಾತಾಡಲು ತನ್ನನ್ನು ಬಿಟ್ಟು ಬೇರಾರೂ ಉಳಿಯದಂತೆ ಎಲ್‌ಟಿಟಿಇ (ಪ್ರಭಾಕರನ್ ಕಟ್ಟಿದ ‘ತಮಿಳು ಈಳಂ ವಿಮೋಚನಾ ಹುಲಿಗಳು’) ನೋಡಿಕೊಂಡದ್ದು ಇನ್ನರ್ಧ. ಎರಡನ್ನೂ ಒಟ್ಟಿಗೆ ನೋಡದಿದ್ದರೆ, ಸ್ವಂತ ಹಡಗು, ವಿಮಾನ, ಪೊಲೀಸು, ಕೋರ್ಟು, ಬ್ಯಾಂಕು ಎಲ್ಲ ಇದ್ದ ಸಂಘಟನೆ 2006ರಿಂದ 2009ರೊಳಗೆ ಹೇಳಹೆಸರಿಲ್ಲದಂತೆ ಹೋದದ್ದು ಹೇಗೆಂದು ತಿಳಿಯುವುದಿಲ್ಲ.

ಬಂದೂಕಿಗೆ ಮೊದಲು

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಲಂಕೆಯ ತಮಿಳರಲ್ಲಿ ಎರಡು ದೊಡ್ಡ ಗುಂಪುಗಳಿವೆ. ಉತ್ತರದ ಜಾಫ್ನಾ, ವನ್ನಿ ಮತ್ತು ಪೂರ್ವದ ತ್ರಿಂಕೋಮಲಿ, ಬಟ್ಟಿಕಲೋವಾ ಕಡೆಯವರು ಶತಮಾನಗಳಿಂದ ಅಲ್ಲಿಯೇ ನೆಲೆಸಿದವರು. ನಡುಗುಡ್ಡದ ಚಹಾ ತೋಟಗಳ ಕಾರ್ಮಿಕರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಹೋದವರು. ಸ್ವಾತಂತ್ರ್ಯ ಬಂದ 1948ರಲ್ಲಿಯೇ ಹೊಸ ಪೌರತ್ವ ಕಾಯ್ದೆಯಿಂದ ಈ ತೋಟದ ಜನರಲ್ಲಿ ಬಹುಪಾಲು ಮಂದಿ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಪ್ರಕಾರ 5 ಲಕ್ಷ 25 ಸಾವಿರ ಮಂದಿಯನ್ನು ಭಾರತ ತೆಗೆದುಕೊಳ್ಳಬೇಕಾಯಿತು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ನೆಲೆ ಕಂಡ ಕುಟುಂಬಗಳು ಈ ಗುಂಪಿನವು. ಅವರನ್ನು ಎಲ್‌ಟಿಟಿಇಯ ಜೊತೆ ತಳಕು ಹಾಕುವುದು ಅನ್ಯಾಯ. ಈಳಂ, ಅಂದರೆ ಪ್ರತ್ಯೇಕ ತಮಿಳು ದೇಶದ ಹೋರಾಟ ಹುಟ್ಟಿದ್ದು ಉತ್ತರದಲ್ಲಿ, ಅದರ ಕಾರಣಗಳೂ ಬೇರೆ.

1956ರಲ್ಲಿ ಬಂಡಾರನಾಯಿಕೆ ಸರ್ಕಾರ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿತು. ಜಾಫ್ನಾದ ನೆಲ ಒಣನೆಲ, ಅಲ್ಲಿನವರ ಬದುಕು ಸರ್ಕಾರಿ ನೌಕರಿ ಮತ್ತು ಓದನ್ನು ನಂಬಿಕೊಂಡದ್ದು. ಹೊಸ ಕಾಯ್ದೆ ನೇರವಾಗಿ ಅನ್ನದ ಮೇಲೆ ಬಿತ್ತು. ಮರುವರ್ಷ ಬಂಡಾರನಾಯಿಕೆ ತಮಿಳರ ನಾಯಕ ಚೆಲ್ವನಾಯಗಂ ಜೊತೆ ಪ್ರಾದೇಶಿಕ ಮಂಡಳಿಗಳ ಒಪ್ಪಂದಕ್ಕೆ ಸಹಿ ಹಾಕಿದರು, ಬೌದ್ಧ ಭಿಕ್ಷುಗಳ ಒತ್ತಡಕ್ಕೆ ಮಣಿದು 1958ರಲ್ಲಿ ಅದನ್ನು ಕೈಬಿಟ್ಟರು. ಆ ವರ್ಷವೇ ದೊಡ್ಡ ಗಲಭೆಯಾಯಿತು. 1965ರಲ್ಲಿ ಡಡ್ಲಿ ಸೇನಾನಾಯಕೆ ಮಾಡಿಕೊಂಡ ಇನ್ನೊಂದು ಒಪ್ಪಂದವೂ ಜಾರಿಯಾಗಲಿಲ್ಲ. 1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಪ್ರವೇಶದ ಅಂಕಗಳನ್ನು ಮಾಧ್ಯಮದ ಮೇಲೆ ಬೇರೆಬೇರೆ ಮಾಡಿದರು. ಎಂಜಿನಿಯರಿಂಗ್ ಸೀಟಿಗೆ ಸಿಂಹಳ ಮಾಧ್ಯಮದವರಿಗೆ 227 ಅಂಕ ಸಾಕಿತ್ತು, ತಮಿಳು ಮಾಧ್ಯಮದವರಿಗೆ 250 ಬೇಕಿತ್ತು. ಬಂದೂಕು ಹಿಡಿದ ಮೊದಲ ತಲೆಮಾರಿನ ಸಿಟ್ಟಿಗೆ ಈ 23 ಅಂಕಗಳ ಪಾಲು ಎಷ್ಟೆಂದು ಹೇಳಿ ಮುಗಿಯದು.

ಇತ್ತ ಸಂಸದೀಯ ದಾರಿಯೂ ಒಂದೊಂದಾಗಿ ಮುಚ್ಚುತ್ತಿತ್ತು. 1976ರ ಮೇ 14ರಂದು ವಟ್ಟುಕೋಟ್ಟೈನಲ್ಲಿ ತಮಿಳು ಪಕ್ಷಗಳ ಒಕ್ಕೂಟವಾದ ಟಿಯುಎಲ್‌ಎಫ್ ಪ್ರತ್ಯೇಕ ದೇಶದ ನಿರ್ಣಯ ಅಂಗೀಕರಿಸಿತು. ಅದಕ್ಕೆ ಒಂಬತ್ತು ದಿನ ಮೊದಲು, ಮೇ 5ರಂದು, ಪ್ರಭಾಕರನ್ ತನ್ನ ಹಳೆಯ ಗುಂಪಿಗೆ ಎಲ್‌ಟಿಟಿಇ ಎಂಬ ಹೊಸ ಹೆಸರಿಟ್ಟಾಗಿತ್ತು. 1977ರ ಚುನಾವಣೆಯಲ್ಲಿ ಟಿಯುಎಲ್‌ಎಫ್ 18 ಸ್ಥಾನ ಗೆದ್ದು ಪ್ರಧಾನ ವಿರೋಧ ಪಕ್ಷವಾಯಿತು. 1981ರಲ್ಲಿ ಜಾಫ್ನಾ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಬೆಂಕಿ ಇಟ್ಟ ಗುಂಪಿನಲ್ಲಿ ಪೊಲೀಸರಿದ್ದರು. ಓಲೆಗರಿಗಳೂ ಸೇರಿ ಸುಮಾರು 97 ಸಾವಿರ ಗ್ರಂಥಗಳು ಸುಟ್ಟುಹೋದವು.

1983ರ ಜುಲೈ

1983ರ ಜುಲೈ 23ರ ರಾತ್ರಿ ಜಾಫ್ನಾದ ತಿರುನೆಲ್ವೇಲಿಯಲ್ಲಿ ಎಲ್‌ಟಿಟಿಇ ಹೊಂಚು ಹಾಕಿ ಸೇನೆಯ ಗಸ್ತು ವಾಹನಗಳ ಮೇಲೆ ದಾಳಿ ಮಾಡಿತು. 13 ಸೈನಿಕರು ಸತ್ತರು. ಮರುದಿನದಿಂದ ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ಶುರುವಾಯಿತು. ದಾಳಿಕೋರರ ಕೈಯಲ್ಲಿ ಮತದಾರರ ಪಟ್ಟಿ ಇತ್ತು, ಯಾವ ಮನೆ ಯಾರದೆಂದು ಹುಡುಕುವ ಕೆಲಸವೇ ಇರಲಿಲ್ಲ. ವೆಲಿಕಡ ಜೈಲಿನಲ್ಲಿ ಎರಡು ದಿನಗಳಲ್ಲಿ 53 ತಮಿಳು ಕೈದಿಗಳನ್ನು ಹೊಡೆದು ಕೊಂದರು. ಸತ್ತವರು 400ರಿಂದ 3,000 ಎಂಬ ಅಂದಾಜುಗಳಿವೆ. ಆಗಸ್ಟಿನಲ್ಲಿ ಸರ್ಕಾರ ಸಂವಿಧಾನಕ್ಕೆ 6ನೇ ತಿದ್ದುಪಡಿ ತಂದು, ಪ್ರತ್ಯೇಕತೆಯನ್ನು ತ್ಯಜಿಸುವ ಪ್ರಮಾಣವನ್ನು ಸಂಸದರಿಗೆ ಕಡ್ಡಾಯ ಮಾಡಿತು. ಟಿಯುಎಲ್‌ಎಫ್ ಸಂಸದರು ಒಪ್ಪದೆ ಸ್ಥಾನ ಕಳೆದುಕೊಂಡರು. ಜುಲೈ ಗಲಭೆಯಷ್ಟು ಸುದ್ದಿಯಾಗದ ಈ ತಿದ್ದುಪಡಿ ದೊಡ್ಡ ಹಾನಿ ಮಾಡಿತು ಎಂದೇ ನನ್ನ ಅಭಿಪ್ರಾಯ. ಮಾತುಕತೆಗೆ ಕೂರಬಲ್ಲ ತಮಿಳು ನಾಯಕರನ್ನು ಸರ್ಕಾರ ತಾನೇ ಹೊರಹಾಕಿ, ಜಾಗವನ್ನು ಬಂದೂಕಿನವರಿಗೆ ಬಿಟ್ಟುಕೊಟ್ಟಿತು. ಅದುವರೆಗೆ ಬೆರಳೆಣಿಕೆಯ ಹುಡುಗರಿದ್ದ ಗುಂಪುಗಳಿಗೆ ಕೆಲವೇ ತಿಂಗಳಲ್ಲಿ ಸಾವಿರಾರು ಮಂದಿ ಸೇರಿದರು.

ಭಾರತದ ಗುಪ್ತಚರ ಸಂಸ್ಥೆ ‘ರಾ’ ಆಗಲೇ ಕೈಹಾಕಿದ್ದು. ಎಲ್‌ಟಿಟಿಇ, ಟೆಲೊ, ಇಪಿಆರ್‌ಎಲ್‌ಎಫ್, ಈರೋಸ್, ಪ್ಲಾಟ್ ಗುಂಪುಗಳ ಹುಡುಗರಿಗೆ ತಮಿಳುನಾಡಿನಲ್ಲೂ ಉತ್ತರ ಭಾರತದಲ್ಲೂ ತರಬೇತಿ ಸಿಕ್ಕಿತು. ಮುಖ್ಯಮಂತ್ರಿ ಎಂ.ಜಿ.ಆರ್. ಎಲ್‌ಟಿಟಿಇಗೆ ದೊಡ್ಡ ಮೊತ್ತದ ಹಣವನ್ನೂ ಕೊಟ್ಟರು. ಒಂದೇ ಗುಂಪು ಬಲಿಯದಂತೆ ಹಲವರನ್ನು ಸಾಕಿ, ಕೊಲಂಬೊದ ಮೇಲೆ ಒತ್ತಡ ತರುವುದು ದೆಹಲಿಯ ಲೆಕ್ಕ. ಪ್ರಭಾಕರನ್ ಲೆಕ್ಕವೇ ಬೇರೆ ಇತ್ತು.

1985ರ ಮೇ 14ರಂದು ಬೌದ್ಧರ ಪವಿತ್ರ ಪಟ್ಟಣ ಅನುರಾಧಪುರದಲ್ಲಿ ಬಸ್ ನಿಲ್ದಾಣ ಮತ್ತು ಬೋಧಿವೃಕ್ಷದ ಆವರಣಕ್ಕೆ ನುಗ್ಗಿದ ಹುಲಿಗಳು 146 ನಾಗರಿಕರನ್ನು ಕೊಂದರು. 1986ರ ಏಪ್ರಿಲ್ ಕೊನೆಯಲ್ಲಿ ಸರದಿ ಟೆಲೊದ್ದಾಯಿತು. ಜಾಫ್ನಾದ ಬೀದಿಗಳಲ್ಲಿ ಒಂದು ವಾರ ಬೇಟೆ ನಡೆಯಿತು, ನೂರಾರು ಹುಡುಗರು ಸತ್ತರು, ಮೇ 6ರಂದು ಅದರ ನಾಯಕ ಶ್ರೀ ಸಬಾರತ್ನಂ ಕೂಡ ಹತರಾದರು. ಡಿಸೆಂಬರಿನಲ್ಲಿ ಇಪಿಆರ್‌ಎಲ್‌ಎಫ್ ಮೇಲೆ ದಾಳಿಯಾಯಿತು. ಆ ವರ್ಷ ಮುಗಿಯುವಷ್ಟರಲ್ಲಿ ಜಾಫ್ನಾದಲ್ಲಿ ಲೆಕ್ಕಕ್ಕೆ ಬರುವ ಪಡೆ ಒಂದೇ ಉಳಿದಿತ್ತು. ತಮಿಳರ ‘ಏಕೈಕ ಪ್ರತಿನಿಧಿ’ ಎಂದು ಎಲ್‌ಟಿಟಿಇ ಮುಂದೆ ಹೇಳಿಕೊಳ್ಳುತ್ತಿದ್ದುದರ ಅಡಿಪಾಯ ಇದು.

ಬೆಂಗಳೂರಿನ ಮಾತುಕತೆ, ಜಾಫ್ನಾದ ಯುದ್ಧ

1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆಯಿತು. ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಇಬ್ಬರೂ ಬಂದಿದ್ದರು. ಭಾರತ ಪ್ರಭಾಕರನ್‌ರನ್ನು ಮದ್ರಾಸಿನಿಂದ ಇಲ್ಲಿಗೆ ಕರೆತಂದಿತು, ಮನವೊಲಿಸಲು ಎಂ.ಜಿ.ಆರ್. ಕೂಡ ಬಂದರು. ಪೂರ್ವ ಪ್ರಾಂತ್ಯವನ್ನು ತಮಿಳರು, ಮುಸ್ಲಿಮರು, ಸಿಂಹಳೀಯರಿಗೆಂದು ಮೂರು ಭಾಗ ಮಾಡುವ ಪ್ರಸ್ತಾವ ಮುಂದಿತ್ತು. ಉತ್ತರ ಮತ್ತು ಪೂರ್ವ ಒಂದೇ ಘಟಕವಾಗಬೇಕು ಎಂದು ಪ್ರಭಾಕರನ್ ಪಟ್ಟು ಹಿಡಿದರು. ಮಾತು ಮುರಿಯಿತು. 1987ರ ಜನವರಿಯಲ್ಲಿ ಅವರು ಜಾಫ್ನಾಕ್ಕೆ ಮರಳಿದರು.

ಆ ಬೇಸಿಗೆಯಲ್ಲಿ ಲಂಕಾ ಸೇನೆ ವಡಮರಾಚ್ಚಿಯನ್ನು ಹಿಡಿದು ಜಾಫ್ನಾದ ಕಡೆ ಬರುತ್ತಿದ್ದಾಗ, ಜೂನ್ 4ರಂದು ಭಾರತದ ವಿಮಾನಗಳು ಆಹಾರ ಸಾಮಗ್ರಿ ಎಸೆದು ಕೊಲಂಬೊಗೆ ಎಚ್ಚರಿಕೆ ಕೊಟ್ಟವು. ಜುಲೈ 5ರಂದು ನೆಲ್ಲಿಯಡಿಯ ಸೇನಾ ಶಿಬಿರಕ್ಕೆ ಸ್ಫೋಟಕ ತುಂಬಿದ ಟ್ರಕ್ ನುಗ್ಗಿಸಿದ ‘ಮಿಲ್ಲರ್’ ಎಲ್‌ಟಿಟಿಇಯ ಮೊದಲ ಕರಿಹುಲಿ, ಅಂದರೆ ಆತ್ಮಾಹುತಿ ದಾಳಿಕೋರ. ಜುಲೈ 29ರಂದು ರಾಜೀವ್–ಜಯವರ್ಧನೆ ಒಪ್ಪಂದವಾಗಿ ಭಾರತದ ಶಾಂತಿಪಾಲನಾ ಪಡೆ, ಐಪಿಕೆಎಫ್, ಲಂಕೆಗೆ ಇಳಿಯಿತು.

ಒಪ್ಪಂದಕ್ಕೆ ಸಹಿ ಹಾಕಿದ್ದು ಎರಡು ಸರ್ಕಾರಗಳು, ಶಸ್ತ್ರ ಒಪ್ಪಿಸಬೇಕಾಗಿದ್ದು ಮೂರನೆಯವರು. ತೊಡಕು ಅಲ್ಲಿಯೇ ಇತ್ತು. ಹುಲಿಗಳು ಸ್ವಲ್ಪ ಶಸ್ತ್ರ ಒಪ್ಪಿಸಿ ಉಳಿದದ್ದನ್ನು ಇಟ್ಟುಕೊಂಡರು. ಸೆಪ್ಟೆಂಬರ್ 26ರಂದು ನಲ್ಲೂರಿನಲ್ಲಿ ಉಪವಾಸ ಕೂತಿದ್ದ ಎಲ್‌ಟಿಟಿಇಯ ತಿಲೀಪನ್ ಸತ್ತರು. ಅಕ್ಟೋಬರ್ 5ರಂದು ಲಂಕಾ ಸೇನೆಯ ವಶದಲ್ಲಿದ್ದ 12 ಮಂದಿ ಹುಲಿಗಳು, ಕೊಲಂಬೊಗೆ ಒಯ್ಯುವ ಮೊದಲೇ ಸಯನೈಡ್ ನುಂಗಿ ಸತ್ತರು. ಮರುವಾರ ಐಪಿಕೆಎಫ್ ಮತ್ತು ಹುಲಿಗಳ ನಡುವೆ ಯುದ್ಧ ಶುರುವಾಯಿತು.

ಅಕ್ಟೋಬರ್ 12ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಆದದ್ದು ಇಡೀ ಕಾರ್ಯಾಚರಣೆಯ ದೋಷಗಳನ್ನು ತೋರಿಸುತ್ತದೆ. ಪ್ರಭಾಕರನ್‌ರನ್ನು ಹಿಡಿಯಲು ಹೆಲಿಕಾಪ್ಟರಿನಲ್ಲಿ ಪ್ಯಾರಾ ಕಮಾಂಡೊಗಳನ್ನೂ ಸಿಖ್ ಲೈಟ್ ಇನ್‌ಫೆಂಟ್ರಿಯ ತುಕಡಿಯೊಂದನ್ನೂ ಇಳಿಸುವ ಯೋಜನೆ. ಭಾರತೀಯರ ರೇಡಿಯೊ ಮಾತುಗಳನ್ನು ಹುಲಿಗಳು ಕದ್ದು ಕೇಳಿದ್ದರು, ಮೈದಾನದ ಸುತ್ತ ಮೆಷಿನ್‌ಗನ್ ಹೂಡಿ ಕಾದಿದ್ದರು. ಹೆಲಿಕಾಪ್ಟರುಗಳಿಗೆ ಗುಂಡು ತಗುಲಿ ಹಾರಾಟ ನಿಂತಿತು, ಹಿಂದಿನ ತಂಡಗಳು ಬರಲೇ ಇಲ್ಲ. ಇಳಿದಿದ್ದ 30 ಸಿಖ್ ಸೈನಿಕರಲ್ಲಿ 29 ಮಂದಿ ಸತ್ತರು, ಒಬ್ಬರು ಸೆರೆಯಾದರು. ಒಂಬತ್ತು ದಿನಗಳ ಮೇಲೆ ಐಪಿಕೆಎಫ್ ಜಾಫ್ನಾ ಆಸ್ಪತ್ರೆಗೆ ನುಗ್ಗಿತು. ರೋಗಿಗಳು, ವೈದ್ಯರು, ದಾದಿಯರು ಸೇರಿ 60ಕ್ಕೂ ಹೆಚ್ಚು ಮಂದಿ ಹತರಾದರು. ಭಾರತೀಯ ಸೇನೆಯನ್ನು ರಕ್ಷಕರೆಂದು ಹೂವು ಹಾಕಿ ಬರಮಾಡಿಕೊಂಡಿದ್ದ ಊರು ಅದು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ವಾಪಸಾಗುವಷ್ಟರಲ್ಲಿ ಸುಮಾರು 1,200 ಭಾರತೀಯ ಯೋಧರು ಪ್ರಾಣ ಕಳೆದುಕೊಂಡಿದ್ದರು. ಆಗಿನ ಅಧ್ಯಕ್ಷ ಪ್ರೇಮದಾಸ ಭಾರತವನ್ನು ಹೊರಗೆ ಕಳಿಸುವ ಆತುರದಲ್ಲಿ ಹುಲಿಗಳಿಗೇ ಶಸ್ತ್ರ ಕೊಟ್ಟಿದ್ದರು. 1993ರ ಮೇ ದಿನದ ಮೆರವಣಿಗೆಯಲ್ಲಿ ಆತ್ಮಾಹುತಿ ದಾಳಿಕೋರ ಕೊಂದದ್ದು ಅವರನ್ನೇ.

ಈ ಅವಧಿಯಲ್ಲಿ ಸತ್ತ ತಮಿಳರ ಹೆಸರುಗಳನ್ನು ಮರೆಯಬಾರದು. ಟಿಯುಎಲ್‌ಎಫ್ ನಾಯಕ ಅಮಿರ್ತಲಿಂಗಂ 1989ರ ಜುಲೈ 13ರಂದು ಕೊಲಂಬೊದ ಮನೆಯಲ್ಲಿ, ಮಾತುಕತೆಗೆಂದು ಬಂದವರ ಕೈಯಲ್ಲೇ ಹತರಾದರು. ಜಾಫ್ನಾ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರ ಪ್ರಾಧ್ಯಾಪಕಿ ರಜನಿ ತಿರಣಗಾಮ ಒಂದು ಕಾಲಕ್ಕೆ ಹುಲಿಗಳ ಜೊತೆಗಿದ್ದವರು. ಐಪಿಕೆಎಫ್ ಮತ್ತು ಹುಲಿಗಳಿಬ್ಬರ ಹಿಂಸೆಯನ್ನೂ ದಾಖಲಿಸುತ್ತಿದ್ದ ಅವರನ್ನು 1989ರ ಸೆಪ್ಟೆಂಬರ್ 21ರಂದು ಸೈಕಲಿನಲ್ಲಿ ಮನೆಗೆ ಹೋಗುವಾಗ ಗುಂಡಿಟ್ಟು ಕೊಂದರು.

1990ರಲ್ಲಿ ಹುಲಿಗಳ ಏಟು ಮುಸ್ಲಿಮರ ಮೇಲೂ ಬಿತ್ತು. ಜೂನಿನಲ್ಲಿ ಪೂರ್ವದಲ್ಲಿ ಶರಣಾದ ನೂರಾರು ಪೊಲೀಸರನ್ನು ಕೊಂದ ಮೇಲೆ, ಆಗಸ್ಟ್ 3ರಂದು ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜಿನಲ್ಲಿದ್ದ 140ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಅಕ್ಟೋಬರಿನಲ್ಲಿ ಉತ್ತರದ ಮುಸ್ಲಿಮರೆಲ್ಲರನ್ನೂ, 70 ಸಾವಿರಕ್ಕೂ ಹೆಚ್ಚು ಜನರನ್ನು, ಹೊರಹಾಕಿದರು. ಜಾಫ್ನಾ ಪಟ್ಟಣದವರಿಗೆ ಕೊಟ್ಟ ಗಡುವು ಎರಡು ತಾಸು. ಇವರೂ ತಮಿಳು ಮಾತಾಡುವವರೇ.

ಶ್ರೀಪೆರುಂಬದೂರಿನಿಂದ ಕೋಣನಕುಂಟೆಗೆ

1991ರ ಮೇ 21ರ ರಾತ್ರಿ ಶ್ರೀಪೆರುಂಬದೂರಿನ ಚುನಾವಣಾ ಸಭೆಯಲ್ಲಿ ಎಲ್‌ಟಿಟಿಇಯ ಧನು ಎಂಬ ಹೆಣ್ಣುಮಗಳು ರಾಜೀವ್ ಗಾಂಧಿಯವರ ಕಾಲಿಗೆ ಬಾಗುವಂತೆ ಮಾಡಿ ಬಾಂಬ್ ಸ್ಫೋಟಿಸಿದಳು. ಸಂಚುಗಾರರು ತಮ್ಮ ದಾಖಲೆಗೆಂದು ಕರೆತಂದಿದ್ದ ಛಾಯಾಗ್ರಾಹಕ ಹರಿಬಾಬು ಸ್ಫೋಟದಲ್ಲಿ ಸತ್ತ, ಅವನ ಕ್ಯಾಮೆರಾ ಮಾತ್ರ ಉಳಿಯಿತು. ಆ ರೀಲು ತೊಳೆದಾಗ ಧನು, ಪಕ್ಕದಲ್ಲಿ ಕುರ್ತಾ ಪೈಜಾಮದಲ್ಲಿದ್ದ ಸಂಚಿನ ಮುಂದಾಳು ಶಿವರಾಸನ್, ಇಬ್ಬರೂ ಸಿಕ್ಕರು. ಇಡೀ ತನಿಖೆ ನಿಂತದ್ದು ಆ ಚಿತ್ರಗಳ ಮೇಲೆ. ತನಿಖಾ ತಂಡದ ಮುಖ್ಯಸ್ಥ ಡಿ.ಆರ್. ಕಾರ್ತಿಕೇಯನ್ ಕರ್ನಾಟಕ ಕೇಡರಿನ ಅಧಿಕಾರಿ.

ಶಿವರಾಸನ್ ಟ್ಯಾಂಕರ್ ಲಾರಿಯಲ್ಲಿ ಅಡಗಿ ಮದ್ರಾಸಿನಿಂದ ಬೆಂಗಳೂರಿಗೆ ಬಂದ. ಗಾಯಗೊಂಡ ಹುಲಿಗಳನ್ನು ಚಿಕಿತ್ಸೆಗೆಂದು ಬೆಂಗಳೂರಿಗೂ ಮಂಡ್ಯ ಜಿಲ್ಲೆಯ ಮುತ್ತತ್ತಿ ಕಡೆಗೂ ತಂದಿಡುವ ಜಾಲ ಮೊದಲೇ ಇತ್ತು, ಅದೇ ಅವನಿಗೆ ಆಸರೆಯಾಯಿತು. ಪೊಲೀಸರು ಬಂದಾಗ ಮುತ್ತತ್ತಿಯವರು ಸಯನೈಡ್ ನುಂಗಿದರು. ಆಗಸ್ಟ್ 18ರಂದು ಕೋಣನಕುಂಟೆಯ ಮನೆಯ ಸುಳಿವು ಸಿಕ್ಕಿತು. ಸುತ್ತುವರಿದ ಪೊಲೀಸರು ತಕ್ಷಣ ನುಗ್ಗಲಿಲ್ಲ. ಜೀವಂತ ಹಿಡಿಯಬೇಕಾದರೆ ಕಮಾಂಡೊಗಳೂ ಸಯನೈಡಿಗೆ ಪ್ರತಿವಿಷವೂ ಬೇಕೆಂದು ಕಾದರು. ಆಗಸ್ಟ್ 20ರ ಬೆಳಗ್ಗೆ ಬಾಗಿಲು ಒಡೆದಾಗ ಒಳಗಿದ್ದ ಏಳು ಮಂದಿಯೂ ಹೆಣವಾಗಿದ್ದರು. ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ. ಕಾದದ್ದು ತಪ್ಪೋ ಸರಿಯೋ ಎಂಬ ಚರ್ಚೆ ಇವತ್ತಿಗೂ ನಿಂತಿಲ್ಲ. ಕೊಲೆಯ ಆದೇಶ ಹೇಗೆ ಇಳಿದು ಬಂತು ಎಂಬುದನ್ನು ಹೇಳಬಲ್ಲವರಂತೂ ಆ ಮನೆಯಲ್ಲಿ ಸತ್ತರು.

1992ರ ಮೇ 14ರಂದು ಭಾರತ ಎಲ್‌ಟಿಟಿಇಯನ್ನು ನಿಷೇಧಿಸಿತು. ತಮಿಳುನಾಡಿನ ಕರಾವಳಿ ಅಲ್ಲಿಯವರೆಗೆ ಅವರ ಹಿತ್ತಲಿನಂತಿತ್ತು. ಪೆಟ್ರೋಲು, ಔಷಧ, ವೈರ್‌ಲೆಸ್, ಆಸ್ಪತ್ರೆ ಎಲ್ಲಕ್ಕೂ ಅದೇ ದಾರಿ. ಅದು ಮುಚ್ಚಿದ ಮೇಲೆ ಇಡೀ ಸಂಘಟನೆ ದೂರದ ಸಾಗರದ ಹಡಗುಗಳನ್ನು ನೆಚ್ಚಬೇಕಾಯಿತು.

ಹಣ, ಹಡಗು, ಆಡಳಿತ

ಶಸ್ತ್ರ ಖರೀದಿಯನ್ನು ನೋಡಿಕೊಂಡವರು ‘ಕೆ.ಪಿ.’ ಎಂಬ ಕುಮಾರನ್ ಪದ್ಮನಾಥನ್. ಬೇರೆ ದೇಶಗಳ ಬಾವುಟದಡಿ ನೋಂದಾಯಿಸಿದ ಹಡಗುಗಳು ಸಾಮಾನ್ಯ ಸರಕು ಸಾಗಿಸಿ ದುಡಿಯುತ್ತಿದ್ದವು, ನಡುವೆ ಶಸ್ತ್ರದ ಸರಕು ಬರುತ್ತಿತ್ತು. ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ. ಆಳ ಸಮುದ್ರದಲ್ಲಿ ನಿಂತಿರುತ್ತಿತ್ತು, ಕಡಲಹುಲಿಗಳ, ಅಂದರೆ ಎಲ್‌ಟಿಟಿಇಯ ನೌಕಾಪಡೆಯ ದೋಣಿಗಳು ಹೋಗಿ ಕಂತು ಕಂತಾಗಿ ಇಳಿಸಿಕೊಂಡು ಈಶಾನ್ಯ ಕರಾವಳಿಯ ಮುಲ್ಲೈತೀವಿನ ಕಡೆಗೆ ತರುತ್ತಿದ್ದವು.

ಹಣದ ಮೂಲ ಮುಖ್ಯವಾಗಿ ವಿದೇಶದ ತಮಿಳರು. 1983ರ ನಂತರ ಕೆನಡಾ, ಬ್ರಿಟನ್, ಸ್ವಿಟ್ಜರ್ಲೆಂಡ್, ನಾರ್ವೆಗೆ ಹೋದವರಲ್ಲಿ ಅನೇಕರು ಮನಸಾರೆ ಕೊಟ್ಟರು. ಆದರೆ ಎಲ್ಲರೂ ಹಾಗಲ್ಲ. 2005ರ ಕೊನೆಯಲ್ಲಿ ‘ಅಂತಿಮ ಯುದ್ಧ’ದ ಹೆಸರಿನಲ್ಲಿ ವಸೂಲಿ ಜೋರಾದಾಗ ಕೆನಡಾದ ಒಂದೊಂದು ಮನೆಗೆ 2,500ರಿಂದ 5,000 ಡಾಲರ್ ಕಟ್ಟಬೇಕೆಂದು ಒತ್ತಾಯಿಸಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದೆ. ಕೊಡದವರಿಗೆ ಊರಿನಲ್ಲಿರುವ ನೆಂಟರ ನೆನಪು ಮಾಡಿಸುತ್ತಿದ್ದರು. ವನ್ನಿಯೊಳಗೆ ಎ9 ಹೆದ್ದಾರಿಯಲ್ಲಿ ಹೋಗುವ ಪ್ರತಿ ಲಾರಿಗೂ ಸುಂಕ ಇತ್ತು.

ವನ್ನಿಯ ಕಿಳಿನೊಚ್ಚಿಯಲ್ಲಿ ಹುಲಿಗಳದೇ ಪೊಲೀಸ್ ಠಾಣೆ, ನ್ಯಾಯಾಲಯ, ಬ್ಯಾಂಕು ನಡೆಯುತ್ತಿದ್ದವು. ಇಷ್ಟಾದರೂ ಅಲ್ಲಿನ ಶಾಲಾ ಶಿಕ್ಷಕರ, ಆಸ್ಪತ್ರೆ ಸಿಬ್ಬಂದಿಯ ಸಂಬಳ ಬರುತ್ತಿದ್ದದ್ದು ಕೊಲಂಬೊದಿಂದ. ಜನರ ಹೊಟ್ಟೆಬಟ್ಟೆಯ ಹೊರೆ ಸರ್ಕಾರದ ಮೇಲಿದ್ದುದರಿಂದ ಹುಲಿಗಳು ಹಣದ ಬಹುಪಾಲನ್ನು ಯುದ್ಧಕ್ಕೇ ಸುರಿಯಲು ಸಾಧ್ಯವಾಯಿತು. ಆಳುಗಳ ಕೊರತೆ ಮಾತ್ರ ಎಂದೂ ತೀರಲಿಲ್ಲ. ಮನೆಗೊಬ್ಬರಂತೆ ಸೇರಲೇಬೇಕೆಂಬ ಒತ್ತಡ ಬಂತು, 2002ರ ನಂತರದ ಕದನ ವಿರಾಮದ ವರ್ಷಗಳಲ್ಲೇ ಸಾವಿರಾರು ಮಕ್ಕಳ ನೇಮಕವನ್ನು ಯುನಿಸೆಫ್ ದಾಖಲಿಸಿತು. ಕೊರಳಲ್ಲಿ ಸಯನೈಡ್ ಗುಳಿಗೆ ಕಟ್ಟಿಕೊಂಡವರಲ್ಲಿ 15 ವರ್ಷದ ಹುಡುಗಿಯರೂ ಇದ್ದರು.

ರಣರಂಗದಲ್ಲಿ ಅವರ ಉತ್ತುಂಗ 1996ರಿಂದ 2001ರ ಅವಧಿ. ಜಾಫ್ನಾ ಪಟ್ಟಣ 1995ರ ಕೊನೆಯಲ್ಲಿ ಕೈತಪ್ಪಿತ್ತು. ಅದಕ್ಕೆ ಪ್ರತಿಯಾಗಿ 1996ರ ಜನವರಿ 31ರಂದು ಕೊಲಂಬೊದ ಕೇಂದ್ರ ಬ್ಯಾಂಕಿಗೆ ಸ್ಫೋಟಕ ತುಂಬಿದ ಲಾರಿ ನುಗ್ಗಿಸಿ 91 ಮಂದಿಯನ್ನು ಕೊಂದರು. ಅದೇ ಜುಲೈನಲ್ಲಿ ಮುಲ್ಲೈತೀವು ಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. 2000ದ ಏಪ್ರಿಲಿನಲ್ಲಿ ಜಾಫ್ನಾದ ಕೊರಳಿನಂತಿದ್ದ ಆನೆಯಿರವು ಶಿಬಿರ ಬಿತ್ತು. 2001ರ ಜುಲೈ 24ರಂದು 14 ಮಂದಿ ಕಟುನಾಯಕೆ ವಿಮಾನ ನಿಲ್ದಾಣಕ್ಕೆ ನುಗ್ಗಿ ಯುದ್ಧವಿಮಾನಗಳನ್ನೂ ಪ್ರಯಾಣಿಕ ವಿಮಾನಗಳನ್ನೂ ಸುಟ್ಟರು. ದೇಶದ ಆರ್ಥಿಕತೆ ಕುಸಿದು, ನಾರ್ವೆಯ ಮಧ್ಯಸ್ಥಿಕೆಯಲ್ಲಿ 2002ರ ಫೆಬ್ರುವರಿ 22ರಂದು ಕದನ ವಿರಾಮವಾಯಿತು.

ಕುಸಿತ

ಕದನ ವಿರಾಮ ಅವರ ಕೈಗೆ ಬಂದ ಅತಿ ದೊಡ್ಡ ಅವಕಾಶ. 2002ರ ಡಿಸೆಂಬರಿನಲ್ಲಿ ಓಸ್ಲೊದಲ್ಲಿ ಒಕ್ಕೂಟ ವ್ಯವಸ್ಥೆಯನ್ನು ಪರಿಶೀಲಿಸಲು ಎರಡೂ ಕಡೆಯವರು ಒಪ್ಪಿದ್ದರು. 2003ರ ಏಪ್ರಿಲಿನಲ್ಲಿ ಎಲ್‌ಟಿಟಿಇ ಮಾತುಕತೆಯಿಂದ ಎದ್ದುಹೋಯಿತು. ಅದಾದ ಮೇಲೆ ಆದದ್ದೆಲ್ಲ ಒಂದರ ಬೆನ್ನಿಗೆ ಒಂದರಂತೆ ಅವರ ವಿರುದ್ಧವೇ ಹೋಯಿತು.

2004ರ ಮಾರ್ಚ್‌ನಲ್ಲಿ ಪೂರ್ವದ ಸೇನಾನಿ ಕರುಣಾ, ಅಂದರೆ ವಿನಾಯಕಮೂರ್ತಿ ಮುರಳೀಧರನ್, ಸಾವಿರಾರು ಹುಡುಗರೊಂದಿಗೆ ಬೇರೆಯಾದರು. ಬಟ್ಟಿಕಲೋವಾದ ಹುಡುಗರು ವನ್ನಿಯ ಯುದ್ಧಗಳಲ್ಲಿ ಸಾಯುತ್ತಾರೆ, ಹುದ್ದೆಗಳೆಲ್ಲ ಉತ್ತರದವರಿಗೆ ಎಂಬುದು ದೂರು. ಬೇರೆ ಸಂಘಟನೆಯಾಗಿದ್ದರೆ ಇಂಥ ಅಸಮಾಧಾನ ಸಭೆಯಲ್ಲಿ ಚರ್ಚೆಯಾಗುತ್ತಿತ್ತು. ಇಲ್ಲಿ ಭಿನ್ನಮತಕ್ಕೆ ಇದ್ದ ಹೆಸರು ದ್ರೋಹ ಒಂದೇ. ಏಪ್ರಿಲಿನಲ್ಲಿ ವೆರುಗಲ್ ನದಿ ದಾಟಿ ಬಂದ ಪ್ರಭಾಕರನ್ ಪಡೆ ಸ್ವಂತದ ಹುಡುಗರನ್ನೇ ಕೊಂದು ಬಂಡಾಯ ಮುರಿಯಿತು, ಆದರೆ ಕರುಣಾ ತಪ್ಪಿಸಿಕೊಂಡು ಸರ್ಕಾರದ ಕಡೆ ಸೇರಿದರು. ಪೂರ್ವದ ಅಡಗುದಾಣ, ದಾರಿ, ಹೆಸರು ಎಲ್ಲ ಸೇನೆಗೆ ಗೊತ್ತಾಯಿತು.

2005ರ ಆಗಸ್ಟಿನಲ್ಲಿ ವಿದೇಶಾಂಗ ಸಚಿವ ಲಕ್ಷ್ಮಣ್ ಕದಿರ್ಗಾಮರ್, ಅವರೂ ತಮಿಳರೇ, ಹತರಾದ ಮೇಲೆ ಐರೋಪ್ಯ ಒಕ್ಕೂಟ 2006ರ ಮೇನಲ್ಲಿ ನಿಷೇಧ ಹಾಕಿತು. ಕೆನಡಾ ಒಂದು ತಿಂಗಳ ಹಿಂದೆಯೇ ಹಾಕಿತ್ತು. ಹಣದ ಹರಿವು ಸೊರಗಿತು. ನಡುವೆ 2005ರ ನವೆಂಬರಿನ ಅಧ್ಯಕ್ಷ ಚುನಾವಣೆ ಬಂತು. ಉತ್ತರದ ತಮಿಳರು ಮತ ಹಾಕದಂತೆ ಎಲ್‌ಟಿಟಿಇ ತಡೆಯಿತು. ಮಾತುಕತೆಯ ಪರವಿದ್ದ ರನಿಲ್ ವಿಕ್ರಮಸಿಂಘೆ ಸುಮಾರು 1 ಲಕ್ಷ 80 ಸಾವಿರ ಮತಗಳಿಂದ ಸೋತರು, ಗೆದ್ದವರು ಮಹಿಂದ ರಾಜಪಕ್ಸೆ. ತಮ್ಮನ್ನು ನಾಶ ಮಾಡಲಿದ್ದ ಸರ್ಕಾರಕ್ಕೆ ಹುಲಿಗಳೇ ದಾರಿ ಮಾಡಿಕೊಟ್ಟರು.

2006ರ ಜುಲೈನಲ್ಲಿ ಹುಲಿಗಳು ಪೂರ್ವದ ಮಾವಿಲಾರು ತೂಬು ಮುಚ್ಚಿ ರೈತರಿಗೆ ನೀರು ನಿಲ್ಲಿಸಿದ್ದು ಕೊನೆಯ ಯುದ್ಧಕ್ಕೆ ನೆಪವಾಯಿತು. ಈ ಬಾರಿ ಸೇನೆಯ ರೀತಿಯೇ ಬೇರೆ. ಸಣ್ಣ ತಂಡಗಳು ಕಾಡಿನೊಳಗೆ ಹೊಕ್ಕು ಮುಂದಾಳುಗಳನ್ನು ಹುಡುಕಿ ಕೊಂದವು. ಎಲ್ಲಕ್ಕಿಂತ ಮುಖ್ಯವಾಗಿ, 2006–07ರಲ್ಲಿ ನೌಕಾಪಡೆ ಲಂಕೆಯಿಂದ ಬಹುದೂರ ಹೋಗಿ ಶಸ್ತ್ರದ ಹಡಗುಗಳನ್ನು ಒಂದೊಂದಾಗಿ ಮುಳುಗಿಸಿತು. ಫಿರಂಗಿಯ ಗುಂಡು ಬರುವುದೇ ನಿಂತಮೇಲೆ ಫಿರಂಗಿ ಇದ್ದೇನು ಪ್ರಯೋಜನ? 2007ರ ಮಾರ್ಚ್‌ನಲ್ಲಿ ಪುಟ್ಟ ವಿಮಾನಗಳಿಂದ ಕಟುನಾಯಕೆ ನೆಲೆಯ ಮೇಲೆ ಬಾಂಬ್ ಹಾಕಿದ್ದು ಜಗತ್ತಿನಲ್ಲಿ ಸುದ್ದಿಯಾಯಿತು, ಯುದ್ಧದ ಗತಿ ಬದಲಾಗಲಿಲ್ಲ. ಆ ಜುಲೈನಲ್ಲಿ ಪೂರ್ವ, 2009ರ ಜನವರಿ 2ರಂದು ಕಿಳಿನೊಚ್ಚಿ ಬಿದ್ದವು.

ಉಳಿದ ನಾಲ್ಕೂವರೆ ತಿಂಗಳು ಬರೆಯಲು ಕಷ್ಟವಾಗುವಂಥವು. ಸುಮಾರು 3 ಲಕ್ಷ 30 ಸಾವಿರ ನಾಗರಿಕರು ಹಿಮ್ಮೆಟ್ಟುವ ಹುಲಿಗಳ ಜೊತೆ ಮುಲ್ಲೈತೀವಿನ ಕರಾವಳಿಗೆ ಒತ್ತಲ್ಪಟ್ಟರು. ಸರ್ಕಾರ ಈ ಸಂಖ್ಯೆಯನ್ನು ಬಹಳ ಕಡಿಮೆ ತೋರಿಸಿತು, ಆಹಾರ ಮತ್ತು ಔಷಧವೂ ಆ ಲೆಕ್ಕದಂತೆಯೇ ಹೋಯಿತು. ತಾನೇ ಘೋಷಿಸಿದ ‘ಗುಂಡು ಹಾರಿಸದ ವಲಯ’ಗಳ ಮೇಲೆ, ಆಸ್ಪತ್ರೆಗಳ ಮೇಲೆ ಶೆಲ್ ಸುರಿಸಿತು. ಎಲ್‌ಟಿಟಿಇ ಜನರನ್ನು ಗುರಾಣಿಯಾಗಿ ಹಿಡಿದಿಟ್ಟಿತು, ಓಡಿಹೋಗಲು ನೋಡಿದವರ ಮೇಲೆ ಗುಂಡು ಹಾರಿಸಿತು, ಮಕ್ಕಳನ್ನು ಎಳೆದೊಯ್ದು ಮುಂಚೂಣಿಗೆ ತಳ್ಳಿತು. 2011ರ ವಿಶ್ವಸಂಸ್ಥೆಯ ತಜ್ಞರ ಸಮಿತಿ ಇವೆರಡನ್ನೂ ನಂಬಲರ್ಹ ಆರೋಪಗಳೆಂದು ದಾಖಲಿಸಿ, ಸತ್ತ ನಾಗರಿಕರು 40 ಸಾವಿರದವರೆಗೂ ಇರಬಹುದೆಂದಿತು. ಮೇ 18ರಂದು ಮುಳ್ಳಿವಾಯ್ಕಾಲಿನಲ್ಲಿ ಯುದ್ಧ ಮುಗಿಯಿತು, ಮರುದಿನ ನಂದಿಕಡಲ್ ಖಾರಿಯ ದಡದಲ್ಲಿ ಸಿಕ್ಕ ಪ್ರಭಾಕರನ್ ಶವವನ್ನು ಸೇನೆ ತೋರಿಸಿತು. ಬದುಕುಳಿದ 2 ಲಕ್ಷ 80 ಸಾವಿರದಷ್ಟು ಜನರನ್ನು ವವುನಿಯಾ ಬಳಿಯ ಮೆನಿಕ್ ಫಾರ್ಮ್ ಮುಂತಾದ ಶಿಬಿರಗಳಲ್ಲಿ ಮುಳ್ಳುತಂತಿಯ ಹಿಂದೆ ಇರಿಸಿದರು.

1987ರ ಒಪ್ಪಂದದಿಂದ ಬಂದ, ಪ್ರಾಂತ್ಯ ಮಂಡಳಿಗಳನ್ನು ರಚಿಸಿದ 13ನೇ ತಿದ್ದುಪಡಿ ಇನ್ನೂ ಸಂವಿಧಾನದಲ್ಲಿದೆ. ಆದರೆ ಅದೇ ಒಪ್ಪಂದದಂತೆ ಆಗಿದ್ದ ಉತ್ತರ–ಪೂರ್ವ ಪ್ರಾಂತ್ಯಗಳ ವಿಲೀನವನ್ನು ಸುಪ್ರೀಂ ಕೋರ್ಟ್ 2006ರಲ್ಲಿ ರದ್ದು ಮಾಡಿತು. ಉತ್ತರ ಪ್ರಾಂತ್ಯ ಮಂಡಳಿಗೆ ಮೊದಲ ಚುನಾವಣೆ ನಡೆದದ್ದು 2013ರಲ್ಲಿ. 2018ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಳು ಕಳೆದರೂ ಮತ್ತೆ ನಡೆಸಿಲ್ಲ. ಕಾಣೆಯಾದವರ ತಾಯಂದಿರು 2017ರಿಂದ ವವುನಿಯಾ, ಕಿಳಿನೊಚ್ಚಿಯ ರಸ್ತೆಬದಿಯಲ್ಲಿ ಧರಣಿ ಕೂತರು. ಯುದ್ಧದ ಕೊನೆಯ ದಿನ ಸೇನೆಗೆ ಕೈಯಾರೆ ಒಪ್ಪಿಸಿದ ಮಕ್ಕಳು ಎಲ್ಲಿ ಎಂದು ಅವರು ಸರ್ಕಾರವನ್ನು ಕೇಳುತ್ತಿದ್ದಾರೆ. ಹುಲಿಗಳು ಬಲವಂತವಾಗಿ ಒಯ್ದ ಮಕ್ಕಳ ತಾಯಂದಿರೂ ಅವರ ನಡುವೆ ಇದ್ದಾರೆ.